ನಾಲ್ಕನೇ ನಂಬರಿನ ಅಂಗಿ

ನಿನ್ನನ್ನು ಕೇಳದೆ ನಿನ್ನ ಬಟ್ಟೆಯನ್ನು ಯಾರಿಗೂ ಕೊಡುವುದಿಲ್ಲ ಎಂದು ಸುಗಂಧಿ ಮಗಳಿಗೆ ಮಾತು ಕೊಟ್ಟಾಗ ಮಗಳಿಗೆ ಏಳು ವರ್ಷ. ಉಡುಪಿಯಿಂದ ಮಲೇಶಿಯಾದ ಸುಬಾಂಗ್ ಜಯಾಕ್ಕೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಊರಿನಿಂದ ತಂದ ಹಳದಿ ಫ್ರಾಕೊಂದು ಅಮೂಲ್ಯಾಳ ಮೊಣಕಾಲಿನಿಂದ ಮೇಲಕ್ಕೆ ಹೋಗಿತ್ತು. ಸುಗಂಧಿ ಅದನ್ನು ಒಗೆದು, ಇಸ್ತ್ರಿ ಹಾಕಿ, ಪಕ್ಕದ ಮನೆಯ ತಮಿಳರ ಹುಡುಗಿ ಸೆಲ್ವಿಗೆ ಕೊಟ್ಟುಬಿಟ್ಟಳು. ಸಂಜೆ ಸೆಲ್ವಿ ಅದನ್ನು ತೊಟ್ಟು ಬೀದಿಯಲ್ಲಿ ಸೈಕಲ್ ಬಿಡುವುದನ್ನು ಅಮೂಲ್ಯಾ ಗೇಟಿನ ಸರಳಿಗೆ ಮುಖ ಒತ್ತಿಕೊಂಡು ನೋಡಿದಳು. ಅಳಲಿಲ್ಲ, ರಂಪ ಮಾಡಲಿಲ್ಲ. ಒಳಗೆ ಬಂದು ಬಾಗಿಲ ಹಿಂದೆ ಚಪ್ಪಲಿಗಳ ನಡುವೆ ಕುಳಿತವಳು ಊಟಕ್ಕೂ ಏಳಲಿಲ್ಲ.

“ಇನ್ನು ಕೇಳದೆ ಕೊಡುದಿಲ್ಲ ಮಗಾ. ಏಳು.”

“ಆಣೆ?”

“ಆಣೆ. ಬತು ಗುಹೆಯ ಮುರುಗ ದೇವರಾಣೆ.”

“ಅದು ಬೇಡ. ಅವನಿಗೆ ಕನ್ನಡ ಬರುದಿಲ್ಲ. ಉಡುಪಿ ಕೃಷ್ಣನ ಆಣೆ ಹಾಕು.”

ಸುಗಂಧಿ ಉಡುಪಿ ಕೃಷ್ಣನ ಆಣೆ ಹಾಕಿದಳು. ಮಗಳು ಚಪ್ಪಲಿಗಳ ನಡುವಿನಿಂದ ಎದ್ದು ಬಂದು ಉಂಡಳು.

ಅಂದಿನಿಂದ ಅದು ಆ ಮನೆಯ ಒಂದು ಪದ್ಧತಿಯೇ ಆಗಿಹೋಯಿತು. ದೀಪಾವಳಿಗೆ ವಾರವಿರುವಾಗ ಸುಗಂಧಿ ಕಪಾಟು ಖಾಲಿ ಮಾಡಿ ಮಗಳ ಒಂದೊಂದೇ ಬಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, “ಇಡ್ಲಾ? ಕೊಡ್ಲಾ?” ಎಂದು ಕೇಳುವುದು. ಸೋಫಾದಲ್ಲಿ ಕಾಲು ಮೇಲೆ ಹಾಕಿ ಮಲಗಿದ ಮಗಳು ಪುಸ್ತಕದಿಂದ ಕಣ್ಣೆತ್ತದೆ, ಆ ದೇಶದವರ ಹಾಗೆ ಕೊನೆಗೊಂದು ಲಾ ಸೇರಿಸಿ, “ಕೀಪ್ ಲಾ” ಎನ್ನುವುದು, ಇಲ್ಲವೇ, “ಗಿವ್” ಎನ್ನುವುದು. ಆ ಒಂದು ಶಬ್ದ ಬರುವತನಕ ಸುಗಂಧಿ ಕೈ ಇಳಿಸುತ್ತಿರಲಿಲ್ಲ. ಕೆಲವೊಮ್ಮೆ ಹುಡುಗಿ ಬೇಕೆಂದೇ ಸುಮ್ಮನಿರುತ್ತಿದ್ದಳು. ತಾಯಿಯ ತೋಳು ನೋಯುವುದನ್ನು ಪುಸ್ತಕದ ಅಂಚಿನಿಂದ ಕದ್ದು ನೋಡಿ ನಗುತ್ತಿದ್ದಳು.

ತೊಂಬತ್ತೆಂಟರ ಅಕ್ಟೋಬರಿನಲ್ಲಿ, ದೀಪಾವಳಿಗೆ ಹನ್ನೊಂದು ದಿನ ಇರುವಾಗ, ಅಮೂಲ್ಯಾ ಡೆಂಗಿ ಜ್ವರದಲ್ಲಿ ತೀರಿಕೊಂಡಳು. ಹತ್ತೊಂಬತ್ತು ವರ್ಷ. ಐದೇ ದಿನದ ಜ್ವರ. ಸುಗಂಧಿ ಕೆಲಸ ಮಾಡುವುದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ. ಅಂಥ ಜ್ವರದವರ ರಕ್ತವನ್ನು ದಿನಕ್ಕೆ ಹತ್ತು ಹದಿನೈದು ಜನರದ್ದು ನೋಡಿದವಳು. ಮಗಳ ವರದಿಯ ಅಂಕಿಗಳನ್ನು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆ ವರ್ಷ ಕಪಾಟು ತೆರೆಯಲಿಲ್ಲ.

*

ಮರುವರ್ಷ ಜುಲೈಯ ಒಂದು ಭಾನುವಾರ ಬೆಳಿಗ್ಗೆ ಐತಪ್ಪ ಬಂದ. ಅಮೂಲ್ಯಾ ಓದುತ್ತಿದ್ದ ಕಾಲೇಜಿನಲ್ಲಿ ಅವನು ಭೌತಶಾಸ್ತ್ರದ ಲೆಕ್ಚರರು. ಹುಡುಗಿಯರ ಬಾಸ್ಕೆಟ್‌ಬಾಲ್ ತಂಡದ ಮೇಲ್ವಿಚಾರಣೆಯೂ ಅವನದೇ. ಮಲ್ಪೆಯ ಕಡೆಯವನಾದ್ದರಿಂದ ಮನೆಯವನ ಹಾಗೆ. ಕೈಯಲ್ಲಿ ಮಾಮಕ್ ಹೋಟೆಲಿನಿಂದ ಕಟ್ಟಿಸಿ ತಂದ ರೊಟ್ಟಿ ಚನಾಯ್ ಪೊಟ್ಟಣ, ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಹಾಕಿದ ಸಾರು.

“ಎಂತಕ್ಕೆ ಇದೆಲ್ಲ ಐತಪ್ಪ? ದೋಸೆ ಹಿಟ್ಟು ಉಂಟಲ್ಲ ಮನೆಯಲ್ಲಿ.”

“ಇರ್ಲಿ ಸುಗಂಧಿಯಕ್ಕ. ಬರಿಗೈಯಲ್ಲಿ ಬಂದ್ರೆ ನೀವು ಬೈತೀರಿ, ತಂದ್ರೂ ಬೈತೀರಿ. ಬೈಸಿಕೊಳ್ಳುದೇ ಆದ್ರೆ ತಿಂದಾದ್ರೂ ಬೈಸಿಕೊಳ್ವ ಅಂತ.”

ನಗಿಸಲು ಹೊರಟಿದ್ದ. ಆದರೆ ಕುರ್ಚಿಯ ತುದಿಯಲ್ಲಿ ಕುಳಿತಿದ್ದ. ಕೊನೆಗೆ ಜೇಬಿನಿಂದ ಒಂದು ಪತ್ರ ತೆಗೆದು ಸುಗಂಧಿಯ ಗಂಡ ಮಧ್ವರಾಜನ ಕೈಗೆ ಕೊಟ್ಟ. ಮಧ್ವರಾಜ ದಿನವೂ ನಿಲಾಯ್‌ವರೆಗೆ ಕಾರು ಓಡಿಸಿಕೊಂಡು ಹೋಗಿ ಗಣಿತ ಪಾಠ ಮಾಡಿ ಬರುವ ಮನುಷ್ಯ. ಯಾವ ಕಾಗದವನ್ನೂ ಒಂದೇ ಸಲಕ್ಕೆ ಓದಿ ಮುಗಿಸುವವನಲ್ಲ. ಓದಿದ, ಕನ್ನಡಕ ಒರೆಸಿದ, ಮತ್ತೆ ಓದಿದ.

“ಅವಳ ಜೆರ್ಸಿಯನ್ನು ರಿಟೈರ್ ಮಾಡ್ತಾರಂತೆ” ಎಂದ.

“ಅಂಗಿಗೆ ಎಂತ ರಿಟೈರು? ಪೆನ್ಶನ್ ಕೊಡ್ತಾರಾ?” ಎಂದಳು ಸುಗಂಧಿ.

“ಹಾಗಲ್ಲ ಅಕ್ಕ. ಇನ್ನು ಮುಂದೆ ಕಾಲೇಜಿನ ತಂಡದಲ್ಲಿ ಯಾರಿಗೂ ಆ ನಂಬರು ಕೊಡುವ ಹಾಗಿಲ್ಲ. ನಾಲ್ಕು ಅಂದ್ರೆ ಅಮೂಲ್ಯಾಳದ್ದು ಮಾತ್ರ. ಅಂಗಿಯನ್ನು ಗಾಜಿನ ಚೌಕಟ್ಟಲ್ಲಿ ಹಾಕಿ ಆಟದ ಹಾಲಿನ ಗೋಡೆಗೆ ತೂಗಿಸುದು, ಕೆಳಗೆ ಹೆಸರು, ಇಸವಿ. ಅಮೆರಿಕದಲ್ಲೆಲ್ಲ ಮಾಡ್ತಾರೆ. ನಮ್ಮಲ್ಲಿ ಇದೇ ಮೊದಲು. ಶನಿವಾರದ ಮ್ಯಾಚಿನ ಮೊದಲು ಇಟ್ಟುಕೊಂಡಿದ್ದಾರೆ. ಮನೆಯವರು ಬೇಡ ಅಂದ್ರೆ ಇಲ್ಲ. ಒಪ್ಪಿದ್ರೆ ಶುಕ್ರವಾರದ ಒಳಗೆ ಅಂಗಿ ಬೇಕು. ಅಂಗಿ ನಿಮ್ಮಲ್ಲೇ ಉಂಟಲ್ಲ?”

“ಎಲ್ಲಿ ಉಂಟೋ, ನೋಡ್ಬೇಕು” ಎಂದಳು ಸುಗಂಧಿ.

ಸುಳ್ಳು. ಅಮೂಲ್ಯಾಳ ಕಪಾಟಿನ ಎರಡನೇ ಅರೆಯಲ್ಲಿ, ಬಲಗಡೆ, ಮೇಲಿನಿಂದ ಮೂರನೆಯದು.

ಮಧ್ವರಾಜ ಪತ್ರವನ್ನು ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡ. ಮುಖದಲ್ಲಿ ಒಂಬತ್ತು ತಿಂಗಳಿನಿಂದ ಕಾಣದ ಬೆಳಕೊಂದು ಬಂದಿತ್ತು. “ಮಾಡ್ಲಿ. ಒಳ್ಳೇದು ಮಾಡ್ತಿದ್ದಾರೆ” ಎಂದ. ಸುಗಂಧಿ ಸಾರಿನ ಚೀಲದ ಗಂಟು ಬಿಚ್ಚುತ್ತ ನಿಂತಳು. ಬಿಚ್ಚಲಾಗದೆ ಕೊನೆಗೆ ಕತ್ತರಿ ತಂದಳು.

*

ಆ ನಾಲ್ಕನ್ನು ಅಮೂಲ್ಯಾ ಆರಿಸಿಕೊಂಡಳೆನ್ನುವುದು ಅರ್ಧ ಸತ್ಯ. ತೊಂಬತ್ತಾರರಲ್ಲಿ ತಂಡಕ್ಕೆ ಸೇರಿದಾಗ ಉಳಿದಿದ್ದುದು ಅದೊಂದೇ. ತಂಡದಲ್ಲಿ ಹೆಚ್ಚಿನವರು ಚೀನೀ ಹುಡುಗಿಯರು. ಅವರ ಭಾಷೆಯಲ್ಲಿ ನಾಲ್ಕು ಎಂಬುದಕ್ಕೂ ಸಾವು ಎಂಬುದಕ್ಕೂ ಹೆಚ್ಚುಕಡಿಮೆ ಒಂದೇ ಸದ್ದು. ಎದುರಿನ ಎತ್ತರದ ಕಟ್ಟಡದ ಲಿಫ್ಟಿನಲ್ಲೂ ಮೂರಾದ ಮೇಲೆ ಮೂರು ಎ, ಆಮೇಲೆ ಐದು. ಆ ಅಂಗಿ ವರ್ಷಗಟ್ಟಲೆ ಪೆಟ್ಟಿಗೆಯ ತಳದಲ್ಲಿ ಮಡಿಕೆ ಬಿಚ್ಚದೆ ಬಿದ್ದಿತ್ತು. ಅಮೂಲ್ಯಾ ಅದನ್ನು ಮನೆಗೆ ತಂದು ಬಿಡಿಸಿ ತೋರಿಸುತ್ತ ಬಿದ್ದು ಬಿದ್ದು ನಕ್ಕಳು.

“ಅಮ್ಮಾ, ದೇ ಆಲ್ ಸ್ಕೇರ್ಡ್ ಲಾ. ನಾಲ್ಕು ಅಂದ್ರೆ ಸತ್ತು ಹೋಗುದಂತೆ!”

“ಬಿಡ್ತು ಅನ್ನು. ನಾಲ್ಕು ಎಂತಕ್ಕೆ ಕೆಟ್ಟದಾಗ್ತದೆ? ನಾಲ್ಕು ಜನರ ಮುಂದೆ ತಲೆ ಎತ್ತಿ ನಿಲ್ಲಬೇಕು ಅಂತ ನಾವು ಹೇಳುದಿಲ್ವಾ? ನಾಲ್ಕು ಅಕ್ಷರ ಕಲಿ ಅಂತೇವೆ. ನಾಲ್ಕು ಕಾಲ ಬಾಳು ಅಂತ ಹರಸ್ತೇವೆ.”

ಹುಡುಗಿ ಆಮೇಲೆ ಒಂದು ಇಡೀ ದಿನ ತಾಯಿಯ ಬಾಯಿಂದ ಬೀಳುವ ನಾಲ್ಕುಗಳನ್ನೆಲ್ಲ ಕ್ಯಾಲೆಂಡರಿನ ಹಿಂದೆ ಗೀಟು ಹಾಕಿ ಎಣಿಸಿದಳು. ನಾಲ್ಕು ತುತ್ತು ಉಣ್ಣು, ನಾಲ್ಕು ಮಾತಾಡು, ನಾಲ್ಕು ಹೆಜ್ಜೆ ನಡೆದರೆ ಮುಗಿಯಿತು, ನಾಲ್ಕು ಕಾಸಿನ ಬುದ್ಧಿಯಿಲ್ಲ. ರಾತ್ರಿ ಊಟದ ಹೊತ್ತಿಗೆ ಹನ್ನೊಂದಾಗಿತ್ತು. “ನೀನು ನಾಲ್ಕರ ಬ್ರಾಂಡ್ ಅಂಬಾಸಡರ್ ಅಮ್ಮಾ” ಎಂದಳು.

ಹೊಸ ಬಟ್ಟೆ ತೊಡುವ ಮೊದಲು ಅಂಚಿಗೊಂದು ಬೊಟ್ಟು ಕುಂಕುಮ ಇಡುವುದು ಸುಗಂಧಿಯ ತಾಯಿಯ ಮನೆಯ ಕ್ರಮ. ಮೊದಲ ಮ್ಯಾಚಿನ ಬೆಳಿಗ್ಗೆ ಅವಳು ಆ ಬಿಳಿ ಜೆರ್ಸಿಯ ಕೆಳಗಿನ ಮಡಿಕೆಯ ಒಳಮೈಗೆ ಬೊಟ್ಟಿಟ್ಟಳು. ಜೆರ್ಸಿ ಎಂದರೆ ಬೆವರುವ ಬಟ್ಟೆ ಎಂಬುದು ಅವಳಿಗೆ ಹೊಳೆಯಲಿಲ್ಲ. ಆಟ ಶುರುವಾಗಿ ಹತ್ತು ನಿಮಿಷಕ್ಕೆ ಕುಂಕುಮ ಕರಗಿ ಸೊಂಟದ ಮೇಲೆ ಅಂಗೈಯಗಲ ಕೆಂಪಾಯಿತು. ರೆಫರಿ ಸೀಟಿ ಊದಿ ಆಟ ನಿಲ್ಲಿಸಿದ. ರಕ್ತ ಬರುವವರು ಅಂಗಳದಲ್ಲಿ ಇರುವ ಹಾಗಿಲ್ಲ. ಎರಡೂ ತಂಡದವರು ಸುತ್ತ ನೆರೆದರು. ನಾಲ್ಕನೇ ನಂಬರು, ಮೊದಲ ದಿನವೇ ರಕ್ತ! ಅಮೂಲ್ಯಾ ಮಾತ್ರ ಬೆರಳಿನಿಂದ ಅದನ್ನು ಮುಟ್ಟಿ ಮೂಸಿ, “ನಾಟ್ ಬ್ಲಡ್ ಸರ್, ಬ್ಲೆಸಿಂಗ್” ಎಂದಳಂತೆ. ಕಾಲೇಜಿನಲ್ಲಿ ಆ ಮಾತು ಎರಡು ವರ್ಷ ಓಡಾಡಿತು. ಆಮೇಲಿಂದ ಸುಗಂಧಿ ಕುಂಕುಮ ಬಿಟ್ಟು ಅರಿಶಿನ ಇಟ್ಟಳು. ಕೆಂಪು ಎಷ್ಟು ಒಗೆದರೂ ಪೂರ್ತಿ ಹೋಗಲಿಲ್ಲ. ದಾಳಿಂಬೆ ಹೂವಿನ ಎಸಳಿನಷ್ಟು ತಿಳಿಗುಲಾಬಿ ಕಲೆ ಉಳಿದೇಬಿಟ್ಟಿತು. ಬೆನ್ನ ಮೇಲಿನ ಹಸಿರು ನಾಲ್ಕರ ಒಂದು ಕಾಲು ಕಿತ್ತು ಬಂದಾಗ ಹಸಿರು ದಾರ ಸಿಗದೆ, ಸೀರೆಗೆ ಫಾಲ್ ಹೊಲಿಯಲು ಇಟ್ಟಿದ್ದ ನೀಲಿ ದಾರದಲ್ಲಿ ಹೊಲಿದುಕೊಟ್ಟಿದ್ದಳು.

ಇಷ್ಟೆಲ್ಲ ಇದ್ದೂ ಅವಳು ಮಗಳ ಮ್ಯಾಚುಗಳನ್ನು ನೋಡಿದ್ದು ಮೂರೋ ನಾಲ್ಕೋ. ಲ್ಯಾಬಿನಲ್ಲಿ ಶನಿವಾರವೂ ಕೆಲಸ, ಒಮ್ಮೊಮ್ಮೆ ಎರಡೆರಡು ಪಾಳಿ. ಮನೆಗೆ ಬಂದು ಕಾಲು ನೀಡಿ ಕುಳಿತಾಗ ಮಗಳು ಬಂದು ಇಡೀ ಆಟವನ್ನು ಹಾಲಿನಲ್ಲಿ ಕುಣಿದು ತೋರಿಸುತ್ತಿದ್ದಳು. ಸುಗಂಧಿ ಅರ್ಧ ಕೇಳಿಸಿಕೊಂಡು ಅರ್ಧ ತೂಕಡಿಸುತ್ತಿದ್ದಳು. ಆ ತೂಕಡಿಸಿದ ಅರ್ಧಗಳನ್ನೆಲ್ಲ ಯಾರಾದರೂ ಈಗ ವಾಪಸು ಕೊಟ್ಟರೆ, ರೆಪ್ಪೆ ಮುಚ್ಚದೆ ಕೂತು ನೋಡುತ್ತೇನೆ ಎಂದು ಬಸ್ಸಿನಲ್ಲಿ, ಮೈಕ್ರೋಸ್ಕೋಪಿನ ಮುಂದೆ, ಅಕ್ಕಿ ತೊಳೆಯುವಾಗ ಅವಳಿಗೆ ಅನ್ನಿಸುತ್ತಿತ್ತು.

*

ಬುಧವಾರ ಮಧ್ಯಾಹ್ನ ರಜೆ ಹಾಕಿ ಅವಳು ಕಾಲೇಜಿಗೆ ಹೋದಳು. ಚೌಕಟ್ಟು ಎಲ್ಲಿ ತೂಗುತ್ತಾರೆ ಎಂಬುದನ್ನು ಕಣ್ಣಾರೆ ನೋಡಬೇಕಿತ್ತು. ಐತಪ್ಪ ಆಟದ ಹಾಲಿಗೆ ಕರೆದುಕೊಂಡು ಹೋಗಿ ಎತ್ತರದಲ್ಲಿ ಒಂದು ಜಾಗ ತೋರಿಸಿದ; ಆಗಲೇ ಎರಡು ಮೊಳೆ ಹೊಡೆದಾಗಿತ್ತು. ಅಷ್ಟು ಮೇಲಿದ್ದರೆ ನೀಲಿ ದಾರ ಕಾಣುವುದಿಲ್ಲ ಎಂಬುದೇ ಅವಳಿಗೆ ಮೊದಲು ಹೊಳೆದದ್ದು.

ಕೆಳಗೆ ಹುಡುಗಿಯರ ಅಭ್ಯಾಸ ನಡೆದಿತ್ತು. ಎಲ್ಲರ ಬೆನ್ನಲ್ಲೂ ಹಸಿರು ಅಂಕಿ. ಒಬ್ಬಳು ಮಾತ್ರ ಬರಿಯ ಬಿಳಿ ಟೀ ಶರ್ಟು ತೊಟ್ಟಿದ್ದಳು. ಕಪ್ಪಗೆ ಎತ್ತರದ ಹುಡುಗಿ, ಜಡೆಯನ್ನು ಎರಡು ಮಡಿಕೆ ಮಾಡಿ ರಿಬ್ಬನ್ ಬಿಗಿದಿದ್ದಳು. ಎಲ್ಲರಿಗಿಂತ ಹೆಚ್ಚು ಓಡುತ್ತಿದ್ದವಳೂ ಎಲ್ಲರಿಗಿಂತ ಹೆಚ್ಚು ತಪ್ಪುತ್ತಿದ್ದವಳೂ ಅವಳೇ.

“ಅವಳಿಗೆ ಎಂತಕ್ಕೆ ನಂಬರು ಇಲ್ಲ?”

ಐತಪ್ಪ ಕುತ್ತಿಗೆ ತುರಿಸಿಕೊಂಡ. “ಅದು ಅಕ್ಕ... ಈ ಟೂರ್ನಮೆಂಟಲ್ಲಿ ನಂಬರು ನಾಲ್ಕರಿಂದ ಹದಿನೈದರವರೆಗೆ ಮಾತ್ರ. ಲೆಕ್ಕ ಹಾಕಿ, ಹನ್ನೆರಡು. ತಂಡಕ್ಕೆ ಹನ್ನೆರಡು ಜನ. ನಾಲ್ಕನ್ನು ತೆಗೆದ್ರೆ ಹನ್ನೊಂದು.”

“ಅಂದ್ರೆ ಅವಳಿಗೆ ಆಟ ಇಲ್ಲ.”

“ಹನ್ನೆರಡನೆಯವಳು ಹೇಗೂ ಬೆಂಚಲ್ಲೇ ಕೂರುದಲ್ವಾ ಅಕ್ಕ? ನೀರು ಕೊಡುದು, ಟವೆಲ್ ಕೊಡುದು. ಅದನ್ನು ಈಗಲೂ ಮಾಡ್ಬಹುದು.”

“ಈ ವರ್ಷ ಮಾತ್ರವಾ?”

“ಇನ್ನು ಮೇಲೆ ಪ್ರತೀ ವರ್ಷ” ಎಂದವನು ತಾನೇ ಹೇಳಿದ ಮಾತನ್ನು ಮೊದಲ ಬಾರಿಗೆ ಕೇಳಿಸಿಕೊಂಡವನ ಹಾಗೆ ಗೋಡೆಯ ಮೊಳೆಗಳತ್ತ ನೋಡಿದ.

ಸುಗಂಧಿ ಅವನ ಮುಖವನ್ನೇ ನೋಡಿದಳು. “ಇದನ್ನು ಮೊದಲು ಹೇಳಿದ್ದು ಯಾರು ಐತಪ್ಪ? ರಿಟೈರ್ ಮಾಡ್ವ ಅಂತ?”

ಅವನು ಹಾಲಿನ ಆಚೆ ತುದಿಗೆ ಕಣ್ಣು ಹಾಯಿಸಿದ. “ಹುಡುಗಿಯರೇ. ಗೌರವ ಉಂಟು ಅಕ್ಕ, ಸುಳ್ಳಲ್ಲ. ಅವಳಂದ್ರೆ ಪ್ರಾಣ ಬಿಡ್ತಿದ್ರು. ಆದ್ರೆ... ಸ್ವಲ್ಪ ಹೆದರಿಕೆಯೂ ಉಂಟು. ಆ ಅಂಗಿ ತೊಟ್ಟವಳಿಗೆ ಹೀಗಾಯ್ತು ಅಂತ. ಮತ್ತೊಬ್ಬಳ ಮೈ ಮೇಲೆ ಅದನ್ನು ನೋಡ್ಲಿಕ್ಕೆ ಅವರಿಗೆ ಆಗುದಿಲ್ಲ. ಗಾಜಿನ ಒಳಗೆ ಹಾಕಿದ್ರೆ ಅಲ್ಲಿಗೆ ಮುಗೀತಲ್ಲ.”

ಅಭ್ಯಾಸ ಮುಗಿಯಿತು. ಆ ಹುಡುಗಿ ನೇರ ಸುಗಂಧಿಯ ಕಡೆಗೆ ಬಂದು, ಎರಡು ಹೆಜ್ಜೆ ದೂರದಲ್ಲಿ ನಿಂತು, ಒದ್ದೆ ಕೈಯನ್ನು ಚಡ್ಡಿಗೆ ಒರೆಸಿಕೊಂಡಳು. ತಮಿಳಿನಲ್ಲಿ ಮಾತಾಡಿದಳು. ಪಕ್ಕದ ಮನೆಯ ದೆಸೆಯಿಂದ ಸುಗಂಧಿಗೆ ತಮಿಳು ಚೆನ್ನಾಗಿ ಅರ್ಥವಾಗುತ್ತಿತ್ತು.

“ನೀವು ಅಮೂಲ್ಯಕ್ಕನ ಅಮ್ಮ ಅಲ್ವಾ ಆಂಟಿ? ನನ್ನ ಹೆಸರು ಲೆಚ್ಚುಮಿ. ನಿಲಾಯ್ ಕಡೆ ರಬ್ಬರ್ ತೋಟದಿಂದ ಬರ್ತೇನೆ. ನಾನು ಸ್ಕೂಲಲ್ಲಿದ್ದಾಗ ಅಕ್ಕ ಅಲ್ಲಿಗೆ ಕ್ಯಾಂಪಿಗೆ ಬಂದಿದ್ರು. ನನಗೆ ಎಡಗೈಯಲ್ಲಿ ಚೆಂಡು ತಟ್ಟಲಿಕ್ಕೆ ಕಲಿಸಿದ್ದು ಅವರೇ.”

“ಎಡಗೈಯಲ್ಲಾ? ಅವಳದ್ದೇ ಎಡಗೈ ಸರಿಯಿರ್ಲಿಲ್ಲ.”

“ಗೊತ್ತು ಆಂಟಿ. ನನ್ನಂತೆ ಆಗ್ಬೇಡ ಲಾ, ಅಂತ ಹೇಳಿಯೇ ಕಲಿಸಿದ್ದು.”

ಸುಗಂಧಿಗೆ ನಗು ಬಂತು. ಮಗಳ ಬಾಯಿಂದ ಬಂದ, ತಾನು ಕೇಳಿಲ್ಲದ ಒಂದು ಮಾತು ಇನ್ನೂ ಈ ಊರಿನಲ್ಲಿ ಉಳಿದಿತ್ತೆ?

“ನಿನಗೆ ಬೇಜಾರಾಗ್ಲಿಲ್ವಾ, ನಂಬರು ಇಲ್ಲ ಅಂತ?”

ಲೆಚ್ಚುಮಿ ತಲೆ ಬಗ್ಗಿಸಿ ಶೂಸಿನ ತುದಿಯಿಂದ ನೆಲದ ಗೆರೆ ಉಜ್ಜಿದಳು. “ಅಕ್ಕನ ಅಂಗಿ ಗಾಜಿನೊಳಗೆ ಇರುವುದು ಒಳ್ಳೇದೇ ಆಂಟಿ. ನಾನು ಕೇಳಬಾರದು.” ಸ್ವಲ್ಪ ತಡೆದು ಹೇಳಿದಳು: “ಇವರೆಲ್ಲ ಆ ನಂಬರು ಕೆಟ್ಟದ್ದು ಅಂತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಮನೇಲಿ ನನ್ನ ಅಜ್ಜಿ, ಪಾಟಿ, ದಿನಾ ಹೇಳ್ತಾಳೆ, ಓದು, ಆಡು, ಏನಾದ್ರೂ ಮಾಡು, ನಾಲು ಪೇರ್ ಮುನ್ನಾಡಿ ನಿಕ್ಕಣುಂ ಅಂತ. ಶನಿವಾರದ ಮ್ಯಾಚಿಗೆ ಅವಳನ್ನು ಕೊಮ್ಯೂಟರ್ ರೈಲಿನಲ್ಲಿ ಕರ್ಕೊಂಡು ಬರ್ತೇನೆ ಅಂತ ಹೇಳಿಬಿಟ್ಟಿದ್ದೆ. ಬೇಡ ಅಂತ ಹೇಗೆ ಹೇಳುವುದೋ.”

ನಾಲ್ಕು ಜನರ ಮುಂದೆ ನಿಲ್ಲಬೇಕು. ಸುಗಂಧಿಗೆ ಆ ಮಾತನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಬೇಕಾದ ಅಗತ್ಯವೇ ಬೀಳಲಿಲ್ಲ. ಅದು ಅವಳದೇ ಮಾತಾಗಿತ್ತು.

*

ಸಂಜೆ ಅಡಿಗೆ ಮನೆಯಲ್ಲಿ ಮಧ್ವರಾಜ ಬೀನ್ಸ್ ನಾರು ತೆಗೆಯುತ್ತಿದ್ದ. ಸುಗಂಧಿ ಎಲ್ಲವನ್ನೂ ಹೇಳಿದಳು: ಹನ್ನೆರಡು ನಂಬರು, ಹನ್ನೊಂದು ಹುಡುಗಿಯರು, ಹೆದರಿಕೆ, ಪಾಟಿ. ಅವನು ಒಂದೊಂದೇ ಬೀನ್ಸಿನ ಎರಡೂ ತುದಿ ಮುರಿದು ನಾರೆಳೆಯುತ್ತಲೇ ಕೇಳಿದ.

“ಹೊಸ ಅಂಗಿ ಹೊಲಿಸಿ ಕೊಡ್ಲಿ ಅವಳಿಗೆ.”

“ನಂಬರೇ ಇಲ್ಲದಿದ್ರೆ ಹೊಸ ಅಂಗಿಯಲ್ಲಿ ಎಂತ ಬರೀತಾರೆ? ನಾವು ರಿಟೈರ್ ಬೇಡ ಅಂದ್ರೂ ಹೊಲಿದು ಬರ್ಲಿಕ್ಕೆ ಮೂರು ವಾರ ಬೇಕಂತೆ. ಎಲ್ಲರದ್ದೂ ಒಂದೇ ತರ ಇರ್ಬೇಕಂತೆ ಆಟದಲ್ಲಿ. ಅಷ್ಟರಲ್ಲಿ ಟೂರ್ನಮೆಂಟೇ ಮುಗೀತದೆ.”

“ಮುಗೀಲಿ ಸುಗಂಧೀ!” ಅವನ ದನಿ ಏರಿತು. ಆಮೇಲೆ ಅವನೇ ಇಳಿಸಿದ. “ನಮ್ಮ ಪರ್ಮಿಟ್ಟು ಇನ್ನೆಷ್ಟು ವರ್ಷ? ಎರಡೋ, ನಾಲ್ಕೋ. ಮುಗಿದ ದಿನ ಪೆಟ್ಟಿಗೆ ಕಟ್ಟಿ ಹೊರಡ್ಬೇಕು. ಆಮೇಲೆ ಈ ದೇಶದಲ್ಲಿ ಅವಳದ್ದು ಅಂತ ಎಂತ ಉಳೀತದೆ ಹೇಳು? ಬೂದಿಯನ್ನು ಸಮುದ್ರಕ್ಕೆ ಬಿಟ್ಟೆವು. ಒಂದು ಕಲ್ಲಿಲ್ಲ, ಒಂದು ಹೆಸರಿಲ್ಲ. ಒಂದು ಗೋಡೆಯ ಮೇಲೆ ಅಮೂಲ್ಯಾ ಮಧ್ವರಾಜ ಅಂತ ಬರೆದಿರ್ತದೆ ಅಂದ್ರೆ ನಾನು ಬೇಡ ಅನ್ಬೇಕಾ?”

ಅವನು ಪತ್ರವನ್ನು ಜೇಬಿನಿಂದ ಜೇಬಿಗೆ ಬದಲಾಯಿಸಿಕೊಂಡು ನಾಲ್ಕು ದಿನದಿಂದ ಹೊತ್ತು ತಿರುಗುತ್ತಿರುವುದನ್ನು ಅವಳು ನೋಡಿದ್ದಳು.

“ಗಾಜಿನೊಳಗೆ ಹಾಕಿದ್ರೆ ಅವರು ಹೇಳಿದ ನಾಲ್ಕೇ ನಿಜ ಆಗ್ತದೆ” ಎಂದಳು ಕೊನೆಗೆ. “ಸಾವಿನ ನಾಲ್ಕು. ಬರುವ ಹುಡುಗಿಯರೆಲ್ಲ ಮೇಲೆ ನೋಡಿ, ಇದನ್ನು ತೊಟ್ಟವಳು ಸತ್ತು ಹೋದಳು ಅಂತ ಹೇಳಿಕೊಳ್ತಾರೆ. ಅವಳು ಆಡಿದ್ದು ಯಾರಿಗೆ ಬೇಕು? ಅವಳು ತೊಟ್ಟದ್ದು ನಮ್ಮ ನಾಲ್ಕು.”

ಮಧ್ವರಾಜ ಬೀನ್ಸಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಮೆತ್ತಗೆ ಕೇಳಿದ:

“ಅವಳನ್ನು ಕೇಳಿದ್ಯಾ? ಕೇಳದೆ ಕೊಡುದಿಲ್ಲ ಅಂತ ನೀನು ಮಾತು ಕೊಟ್ಟಿದ್ದಿ. ಗೋಡೆಗೆ ತೂಗಿಸಿದ್ರೆ ಅದು ಇಟ್ಟ ಹಾಗೆ. ಆ ಹುಡುಗಿಗೆ ಕೊಟ್ರೆ ಕೊಟ್ಟ ಹಾಗೆ.”

ಹದಿಮೂರು ವರ್ಷದ ಹಿಂದೆ ಬಾಗಿಲ ಹಿಂದೆ ನಡೆದ ಮಾತನ್ನು ಅವನು ಕೇಳಿಸಿಕೊಂಡಿದ್ದನೆಂಬುದೇ ಅವಳಿಗೆ ಗೊತ್ತಿರಲಿಲ್ಲ.

*

ಶುಕ್ರವಾರ ಬೆಳಿಗ್ಗೆ ಅವನು ನಿಲಾಯ್‌ಗೆ ಹೊರಟ ಮೇಲೆ ಸುಗಂಧಿ ಅಮೂಲ್ಯಾಳ ಕಪಾಟು ತೆರೆದಳು. ಎರಡನೇ ಅರೆ, ಬಲಗಡೆ, ಮೇಲಿನಿಂದ ಮೂರನೆಯದು. ಜೆರ್ಸಿಯನ್ನು ಹಾಲಿಗೆ ತಂದು, ಸೋಫಾದ ಎದುರು ನಿಂತು, ಎರಡೂ ಕೈಯಲ್ಲಿ ಎತ್ತಿ ಹಿಡಿದಳು.

“ಇಡ್ಲಾ? ಕೊಡ್ಲಾ?”

ಹೊರಗೆ ರೊಟ್ಟಿ ಮಾರುವವನ ಮೋಟರ್ ಸೈಕಲ್ಲಿನ ಹಾರ್ನು ಬೀದಿಯ ಈ ತುದಿಯಿಂದ ಆ ತುದಿಗೆ ಹೋಯಿತು. ಫ್ಯಾನಿನ ಗಾಳಿಗೆ ಜೆರ್ಸಿಯ ಅಂಚು ಅಲುಗಿತು. ಸೋಫಾದ ಮೆತ್ತೆಯಲ್ಲಿ ಕಾಲು ಮೇಲೆ ಹಾಕಿ ಮಲಗುವವಳ ಹಿಮ್ಮಡಿ ಊರಿ ಆದ ತಗ್ಗು ಇನ್ನೂ ಇತ್ತು. ಆ ಜಾಗದಲ್ಲಿ ಯಾರೂ ಕೂರುತ್ತಿರಲಿಲ್ಲ. ಬೇಕೆಂದೇ ಸುಮ್ಮನಿದ್ದಾಳೆ ಎಂದುಕೊಂಡಳು ಸುಗಂಧಿ. ತೋಳು ನೋಯಲಿ ಎಂದು ಕಾಯುತ್ತಿದ್ದಾಳೆ. ನೋಯಲಿ. ಅವಳು ಕೈ ಇಳಿಸಲಿಲ್ಲ. ಭುಜದಿಂದ ನೋವು ಹೊರಟು ಮೊಣಕೈಗೆ ಬಂತು, ಬೆರಳಿಗೂ ಇಳಿಯಿತು. ಒಂದು ಶಬ್ದ ಸಾಕಿತ್ತು. ಯಾವುದಾದರೂ ಸರಿ. ಕೀಪ್ ಎಂದರೆ ಆ ಹುಡುಗಿಯ ಮುಖ ನೋಡದೆ ಗೋಡೆಗೆ ತೂಗಿಸುತ್ತಿದ್ದಳು. ಗಿವ್ ಎಂದರೆ ಕುಣಿಯುತ್ತ ಹೋಗಿ ಕೊಡುತ್ತಿದ್ದಳು.

ಅಡಿಗೆ ಮನೆಯಲ್ಲಿ ಅನ್ನದ ಕುಕ್ಕರಿನ ಗುಂಡಿ ಟಕ್ಕೆಂದು ಮೇಲೆ ಬಂತು. ಲ್ಯಾಬಿಗೆ ಹೊತ್ತಾಗುತ್ತಿತ್ತು. ಅವಳ ಕೈಗಳು ತಾವಾಗಿಯೇ ಇಳಿದವು.

ದೇವರ ಮುಂದಿನ ಬಟ್ಟಲಿನಿಂದ ಒಂದು ಚಿಟಿಕೆ ಅರಿಶಿನ ತೆಗೆದು, ಜೆರ್ಸಿಯ ಕೆಳಗಿನ ಮಡಿಕೆಯಲ್ಲಿ, ಗುಲಾಬಿ ಕಲೆಯ ಪಕ್ಕ, ಹೊಸದಾಗಿ ಒಂದು ಬೊಟ್ಟಿಟ್ಟಳು.

*

ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವಳು ಕಾಲೇಜಿಗೆ ಹೋಗಿ, ಅಂಗಿ ಗೋಡೆಗಲ್ಲ, ಲೆಚ್ಚುಮಿಗೆ ಎಂದು ಐತಪ್ಪನಿಗೆ ಹೇಳಿದಳು. ಅವನು ಗೋಡೆಯ ಮೊಳೆಗಳನ್ನೂ ಅವಳನ್ನೂ ಎರಡೆರಡು ಸಲ ನೋಡಿದ.

“ಮಧ್ವಣ್ಣ ಒಪ್ಪಿದ್ರಾ?”

“ಇಲ್ಲ.”

“ಕೊಂದ್ರಿ ಅಕ್ಕ ನೀವು. ಪ್ರಿನ್ಸಿಪಾಲರಿಗೆ ಎಂತ ಹೇಳ್ಲಿ? ಚೌಕಟ್ಟು ಬಂದಾಗಿದೆ.”

“ತಂಡದ ಫೋಟೋ ಹಾಕಿ. ಹನ್ನೆರಡು ಜನರದ್ದು.”

ಲೆಚ್ಚುಮಿ ಎರಡೂ ಕೈ ಒಡ್ಡಿ ಜೆರ್ಸಿ ತೆಗೆದುಕೊಂಡಳು. ತೊಡಲಿಲ್ಲ, ಬಿಡಿಸಲೂ ಇಲ್ಲ. ಮಡಿಕೆಯ ಮೇಲೆಯೇ ಕೈಯಾಡಿಸಿದಳು. ದೂರದಲ್ಲಿ ನಿಂತಿದ್ದ ಹುಡುಗಿಯರಲ್ಲಿ ಇಬ್ಬರು ಮುಖ ತಿರುಗಿಸಿದರು. ಒಬ್ಬಳು ಬಂದು ಸುಗಂಧಿಯ ಕೈ ಹಿಡಿದು, ಬಿಟ್ಟು ಹೋದಳು.

“ಅಂಚಿನಲ್ಲಿ ಅರಿಶಿನ ಉಂಟು. ಬೆವರಿದ್ರೆ ಇಳೀತದೆ. ರೆಫರಿ ಕೇಳಿದ್ರೆ ಮಂಜಳ್ ಅಂತ ಹೇಳು” ಎಂದಳು ಸುಗಂಧಿ.

ಆ ರಾತ್ರಿ ಮಧ್ವರಾಜ ಪತ್ರವನ್ನು ಜೇಬಿನಿಂದ ತೆಗೆದು ಟೀವಿಯ ಮೇಲೆ ಇಟ್ಟ. ನಾನು ಮ್ಯಾಚಿಗೆ ಬರುವುದಿಲ್ಲ ಎಂದಷ್ಟೇ ಹೇಳಿದ.

ಶನಿವಾರ ಸುಗಂಧಿ ಲ್ಯಾಬಿಗೆ ರಜೆ ಹಾಕಿದಳು. ಹಾಲಿನಲ್ಲಿ ಹೆಚ್ಚೆಂದರೆ ಅರುವತ್ತು ಜನ. ಮುಂದಿನ ಸಾಲಿನಲ್ಲಿ ಬಿಳಿ ಸೀರೆಯ, ಚಿಕ್ಕ ದೇಹದ ಮುದುಕಿಯೊಬ್ಬಳು ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಅದು ಲೆಚ್ಚುಮಿಯ ಪಾಟಿ. ಗೋಡೆಯ ಮೇಲೆ ಎರಡು ಮೊಳೆ ಮಾತ್ರ ಇದ್ದವು.

ಲೆಚ್ಚುಮಿ ಮೊದಲರ್ಧವೆಲ್ಲ ಬೆಂಚಿನಲ್ಲೇ ಇದ್ದಳು, ನೀರು ಕೊಟ್ಟಳು, ಟವೆಲ್ ಕೊಟ್ಟಳು. ಎರಡನೇ ಅರ್ಧ ಮುಗಿಯುತ್ತ ಬಂದಾಗ ಒಬ್ಬಳ ಕಾಲು ಉಳುಕಿತು. ಕೋಚು ಬೆಂಚಿನ ತುದಿಗೆ ಬೆರಳು ತೋರಿಸಿದ. ಹುಡುಗಿ ಎದ್ದು ಅಂಗಳಕ್ಕೆ ಓಡಿದಳು. ಬೆನ್ನು ಈಚೆಗೆ ತಿರುಗಿದಾಗ ಹಸಿರು ನಾಲ್ಕು, ಅದರ ಕಾಲಿನಲ್ಲಿ ನೀಲಿ ಹೊಲಿಗೆ. ಸುಗಂಧಿ ರೆಪ್ಪೆ ಮುಚ್ಚಲಿಲ್ಲ. ಓಟ ಬೇರೆ, ಎತ್ತರ ಬೇರೆ, ಜಡೆ ಬೇರೆ. ಒಂದು ಗಳಿಗೆಯಾದರೂ ಮಗಳ ಹಾಗೆ ಕಾಣಲಿ ಎಂದು ಹಂಬಲಿಸಿದಳು. ಕಾಣಲಿಲ್ಲ. ಲೆಚ್ಚುಮಿ ಎಡಗೈಯಲ್ಲಿ ಚೆಂಡು ತಟ್ಟಿಕೊಂಡು ಹೋಗಿ ಒಂದು ಒಳ್ಳೆಯ ಪಾಸು ಕೊಟ್ಟಳು, ಒಂದು ಫೌಲು ಮಾಡಿದಳು, ಬುಟ್ಟಿಗೆ ಎಸೆದದ್ದು ತಪ್ಪಿತು. ಪಾಟಿ ಮಾತ್ರ ಎದ್ದು ನಿಂತು ಚಪ್ಪಾಳೆ ತಟ್ಟಿದಳು.

“ನೀಲಿ ದಾರ ಇಲ್ಲಿಗೂ ಕಾಣ್ತದೆ” ಎಂದಿತು ಹಿಂದಿನಿಂದ ಒಂದು ದನಿ.

ಮಧ್ವರಾಜ ಯಾವಾಗ ಬಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದನೋ.

“ಹಸಿರು ಸಿಕ್ಕಿರ್ಲಿಲ್ಲ” ಎಂದಳು ಸುಗಂಧಿ, ತಿರುಗದೆ.

ತಂಡ ಆರು ಅಂಕದಿಂದ ಸೋತಿತು. ಅಮೂಲ್ಯಾಳನ್ನು ಕೇಳದೆ ಅವಳ ಅಂಗಿಯನ್ನು ಇನ್ನೊಬ್ಬಳಿಗೆ ಕೊಟ್ಟಾಗಿತ್ತು. ಹದಿಮೂರು ವರ್ಷ ಉಳಿಸಿಕೊಂಡಿದ್ದ ಮಾತನ್ನು ಸುಗಂಧಿ ಮುರಿದಿದ್ದಳು.